ಬಾಗಿಲು ಮುಚ್ಚಿದ ಮೇಲೆ ಬಂದ ಉತ್ತರ

ಗಡಿಬಿಡಿ ಎನ್ನುವ ಹೆಸರನ್ನು ಅವನಿಗೆ ಇಟ್ಟವಳು ಅಕ್ಕ. ಅಮ್ಮ ಅವನನ್ನು ಹೆತ್ತು, ತೊಟ್ಟಿಲಿಗೆ ಹಾಕಿ, ಅವನು ಮಗುಚಿಕೊಳ್ಳುವುದನ್ನೂ ನೋಡದೆ ಕಣ್ಣು ಮುಚ್ಚಿದಳು. ಆಮೇಲೆ ಹೊಲಿಗೆ ಯಂತ್ರ ತುಳಿದು ಅವನನ್ನು ಸಾಕಿದ್ದು ಅಕ್ಕನೇ. ಒಲೆಯ ಮೇಲಿನದು ಬೇಯುವ ಮೊದಲೇ ತಟ್ಟೆ ಹಿಡಿದು ನಿಲ್ಲುವ, ಪ್ರಶ್ನೆ ಕೇಳಿ ಉತ್ತರ ಬರುವಷ್ಟರಲ್ಲಿ ಬೀದಿ ಸೇರಿರುವ ಹುಡುಗನಿಗೆ ಬೇರೆ ಯಾವ ಹೆಸರು ತಾನೇ ಒಪ್ಪೀತು? "ತಾಳಿದವನು ಬಾಳಿಯಾನು ಕಣೋ" ಎಂದು ಅವಳು ಸೂಜಿಗೆ ದಾರ ಪೋಣಿಸುತ್ತ ಹೇಳುತ್ತಿದ್ದಳು. ಆ ಮಾತು ಮುಗಿಯುವ ತನಕವೂ ಅವನು ತಾಳುತ್ತಿರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು. ತಲೆಯಲ್ಲಿ ನರೆ ಇಣುಕಿದ ಮೇಲೂ ಹೆಸರು ಹಾಗೇ ಉಳಿಯಿತು, ಆಫೀಸಿನವರೂ ಅದನ್ನೇ ಹಿಡಿದುಕೊಂಡರು.

ಆಫೀಸು ಅಂದರೆ ಒಂದು ಉದ್ದನೆಯ ಕಾರಿಡಾರು, ಅದರ ಕೊನೆಗೆ ಸದಾ ತಣ್ಣಗಿರುವ ಒಂದು ಕೋಣೆ. ಊರಿನ ಆಸ್ಪತ್ರೆ, ನೀರಿನ ಕಚೇರಿ, ಗ್ರಂಥಾಲಯ, ಎಲ್ಲರ ಲೆಕ್ಕಪತ್ರ ಹೊತ್ತ ಸರ್ವರುಗಳು ಆ ಕೋಣೆಯಲ್ಲಿ ಸಾಲಾಗಿ ನಿಂತು ಗುಂಯ್ ಎನ್ನುತ್ತಿದ್ದವು. ಅವುಗಳಿಗೆ ಹೆಸರಿಟ್ಟವನು ಕೇಬಲ್ ಎಳೆಯುವ ಮಾಮ. ನಂಬರುಗಳು ತಲೆಗೆ ಹತ್ತುವುದಿಲ್ಲ ಎಂದು ಅವನು ದೊಡ್ಡಪ್ಪ, ಚಿಕ್ಕಮ್ಮ, ಸೋದರತ್ತೆ, ಷಡ್ಡಕ ಎಂದು ಚೀಟಿ ಅಂಟಿಸಿಬಿಟ್ಟಿದ್ದ. ಮೊದಮೊದಲು ಎಲ್ಲರೂ ನಕ್ಕರು, ಆಮೇಲೆ ಆಫೀಸು ನಡೆಸುವ ಮೇಡಂ ಕೂಡ ಮೀಟಿಂಗಿನಲ್ಲಿ ಮುಖ ಬಿಗಿದುಕೊಂಡೇ "ದೊಡ್ಡಪ್ಪನಿಗೆ ಜಾಗ ಸಾಲುತ್ತಿಲ್ಲ" ಎನ್ನತೊಡಗಿದರು.

ಈ ನೆಂಟರ ಯೋಗಕ್ಷೇಮ ನೋಡಿಕೊಳ್ಳುವ ಒಂದು ವೆಬ್ ಪುಟ ಗಡಿಬಿಡಿಯ ಸುಪರ್ದಿಯಲ್ಲಿತ್ತು. ಪುಟ ಆಗಾಗ ಒಬ್ಬೊಬ್ಬರನ್ನೂ ಹೇಗಿದ್ದೀ ಎಂದು ಕೇಳುತ್ತದೆ. ಉತ್ತರ ಬಂದರೆ ಹೆಸರಿನ ಮುಂದೆ ಹಸಿರು. ಬರದಿದ್ದರೆ ಕೆಂಪು ಬಣ್ಣದಲ್ಲಿ 'ಉತ್ತರವಿಲ್ಲ'. ಹಿಂದೆ ಪುಟ ಬಹಳ ಹೊತ್ತು ಕಾಯುತ್ತಿತ್ತು. ತೆರೆಯುವುದಕ್ಕೇ ಯುಗ ಹಿಡಿಯುತ್ತದೆ ಎಂದು ಮೇಡಂ ಗೊಣಗಿದ ದಿನವೇ ಗಡಿಬಿಡಿ ಆ ಕಾಯುವ ಹೊತ್ತನ್ನು ಐದು ಸೆಕೆಂಡಿಗೆ ಇಳಿಸಿದ್ದ. ಬದುಕಿರುವ ಯಂತ್ರ ಅಷ್ಟರಲ್ಲಿ ಬಾಯಿ ಬಿಡದೆ ಇರುತ್ತದೆಯೇ ಎಂಬುದು ಅವನ ವಾದ. ಪುಟ ಚುರುಕಾಯಿತು, ಅವನಿಗೆ ಶಹಬ್ಬಾಸ್ ಕೂಡ ಸಿಕ್ಕಿತು.

ಕೆಲವು ವಾರಗಳಿಂದ ಆ ಪುಟಕ್ಕೆ ಏನೋ ಬಡಿದಿತ್ತು. ಒಮ್ಮೆ ಚಿಕ್ಕಮ್ಮ ಕೆಂಪಾಗುತ್ತಾಳೆ, ಅವಳು ಹಸಿರಾಗುವಷ್ಟರಲ್ಲಿ ಷಡ್ಡಕ. ಇಡೀ ಬೆಳಗು ಏನೂ ಇಲ್ಲ ಎಂದುಕೊಂಡು ಚಹಾಕ್ಕೆ ಎದ್ದರೆ ಬೆನ್ನ ಹಿಂದೆ ಮೂವರು ಒಟ್ಟಿಗೆ 'ಉತ್ತರವಿಲ್ಲ'. ಗಡಿಬಿಡಿ ಕಾರಿಡಾರು ದಾಟಿ ಓಡುತ್ತಿದ್ದ. ಕೋಣೆಯಲ್ಲಿ ನೋಡಿದರೆ ದೀಪಗಳು ಮಿಣುಕುತ್ತಿವೆ, ಫ್ಯಾನು ತಿರುಗುತ್ತಿದೆ, ಯಂತ್ರದ ಬೆನ್ನ ಮೇಲೆ ಕೈ ಇಟ್ಟರೆ ಬೆಚ್ಚಗಿದೆ. ಅಲ್ಲೇ ನಿಂತು ಕೇಳಿದರೆ ತಟ್ಟನೆ ಉತ್ತರ. ಮೇಜಿಗೆ ಮರಳಿದರೆ ಮತ್ತೆ ಕೆಂಪು. ಹೀಗೆ ಓಡಾಡಿ ಓಡಾಡಿ ಅವನಿಗೆ ಆ ಕೋಣೆಯ ಬಾಗಿಲು ತೆಗೆಯಲು ಒಂದು ಬಗೆಯ ಅಳುಕು ಹುಟ್ಟಿತ್ತು. ಬಾಗಿಲ ಆಚೆ ಎಲ್ಲರೂ ಮಾತಾಡುತ್ತಿದ್ದು, ತಾನು ಕಾಲಿಟ್ಟೊಡನೆ ಸುಮ್ಮನಾದಂತೆ ಅನ್ನಿಸುತ್ತಿತ್ತು.

"ಯಾರದೋ ದೃಷ್ಟಿ ತಗಲಿದೆ" ಎಂದ ಮಾಮ, ಹಲ್ಲಿನಲ್ಲಿ ತಂತಿಯ ಸಿಪ್ಪೆ ಕಚ್ಚಿಕೊಂಡು.

ಮೇಡಂಗೆ ತಮಾಷೆ ಬೇಕಿರಲಿಲ್ಲ. "ಸೋದರತ್ತೆ ದಿನಾ ಕೆಂಪಾಗ್ತಿದಾಳೆ. ಆಸ್ಪತ್ರೆಯವರು ಕೇಳ್ತಿದಾರೆ. ಅದನ್ನ ತೆಗೆದು ಹೊರಗೆ ಹಾಕಿ, ಹೊಸದು ತರ್ಸೋಣ."

"ಮೇಡಂ, ಅದು ಚೆನ್ನಾಗೇ ಇದೆ. ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ ಹಾಗಾಗುತ್ತೆ."

"ಉತ್ತರ ಕೊಡದೆ ಇರೋದು ಚೆನ್ನಾಗಿದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ಅದೇ ಪ್ರಶ್ನೆ ಮನೆಯಲ್ಲೂ ಅವನಿಗಾಗಿ ಕಾದಿತ್ತು.

ಅಕ್ಕನಿಗೆ ಲಕ್ವ ಹೊಡೆದದ್ದು ಹೊಲಿಗೆ ಯಂತ್ರದ ಮುಂದೆಯೇ. ಅರ್ಧ ಹೊಲಿದ ಅಂಗಿಯ ತೋಳು ಸೂಜಿಯ ಕೆಳಗೆ ಹಾಗೇ ಇತ್ತು. ಆಸ್ಪತ್ರೆಯಿಂದ ನೇರ ತಮ್ಮನ ಫ್ಲ್ಯಾಟಿಗೆ ಬಂದಳು, ಹಿಂದಿನ ಕೋಣೆಯಲ್ಲಿ ಮಲಗಿದಳು, ಮಾತು ನಿಂತಿತು. ಏನು ಕೇಳಿದರೂ ಸುಮ್ಮನೆ ಸೂರು ನೋಡುವಳು. ಗಡಿಬಿಡಿ ಬೆಳಿಗ್ಗೆ ಶೂ ಹಾಕಿಕೊಳ್ಳುತ್ತಲೇ ಬಾಗಿಲಲ್ಲಿ ತಲೆ ಹಾಕಿ "ಅಕ್ಕ, ನೋವಿದೆಯಾ? ಫ್ಯಾನ್ ಹಾಕ್ಲಾ?" ಎಂದು ಕೇಳಿ, ಒಂದು ಕ್ಷಣ ನೋಡಿ ಹೊರಟುಬಿಡುವನು. ಮೊದಲು ಅದಕ್ಕಾಗಿ ಅತ್ತಿದ್ದ. ಆಮೇಲೆ ಅಭ್ಯಾಸವಾಯಿತು. ಅಳುವುದನ್ನೂ ಅವನು ಬೇಗ ಮುಗಿಸುವವನೇ.

ಹೆದರಿದವಳು ಅವನ ಹೆಂಡತಿ. ಅವಳು ಮನೆಯಲ್ಲೇ ಕೂತು ಅಂಗಡಿಗಳ ಲೆಕ್ಕ ಬರೆಯುವವಳು, ಗಟ್ಟಿ ಎದೆಯವಳು, ಹಾವು ಬಂದರೂ ಮೊದಲು ಪೊರಕೆ ಹುಡುಕುವವಳು. ಒಂದು ದಿನ ಅವನು ಬಂದಾಗ ಮನೆಯ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು.

"ರೀ, ಅಕ್ಕ ಮಾತಾಡ್ತಾರೆ."

"ಒಳ್ಳೇದೇ ಆಯ್ತಲ್ಲ!"

"ನನ್ನ ಜೊತೆ ಅಲ್ಲ. ಮಧ್ಯಾಹ್ನ, ಕೋಣೇಲಿ ಯಾರೂ ಇಲ್ದಾಗ. ಯಾರೋ ಕೇಳ್ತಾ ಇದ್ದ ಹಾಗೆ, ಇವರು ಉತ್ತರ ಹೇಳ್ತಾ ಇದ್ದ ಹಾಗೆ. 'ಇಲ್ಲ, ನೋವಿಲ್ಲ' ಅಂದ್ರು. ಸ್ವಲ್ಪ ಹೊತ್ತಾದ್ಮೇಲೆ 'ಬೇಡ, ಚಳಿ' ಅಂದ್ರು. ನಾನು ಒಳಗೆ ಹೋಗಿ ಏನಕ್ಕಾ ಅಂತ ಕೇಳಿದ್ರೆ ಕಲ್ಲಿನ ಹಾಗೆ ಸುಮ್ಮನೆ."

"ಮಿದುಳಿಗೆ ಪೆಟ್ಟು ಬಿದ್ದಿದೆ, ಏನೋ ಬಡಬಡಿಸ್ತಾಳೆ."

"ಇನ್ನೊಂದು ಮಾತಿದೆ. ದಿನಾ ಹೇಳ್ತಾರೆ, 'ಇನ್ನೂ ಇಲ್ಲ' ಅಂತ. ಅದನ್ನ ಹೇಳುವಾಗ ಮಾತ್ರ ಸೂರು ನೋಡಲ್ಲ. ಬೀರು ಕಡೆ ತಿರುಗ್ತಾರೆ."

ಬೀರು ಮತ್ತು ಗೋಡೆಯ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟೂ ಜಾಗ ಇರಲಿಲ್ಲ. ಗಡಿಬಿಡಿ ಹೋಗಿ ನೋಡಿ ಬಂದ, ನಗಲು ಯತ್ನಿಸಿದ, ನಗು ಬರಲಿಲ್ಲ. ಆ ರಾತ್ರಿಯಿಂದ ಹೆಂಡತಿ ಆ ಕೋಣೆಯ ದೀಪ ಆರಿಸುವುದನ್ನು ಬಿಟ್ಟಳು. ಎಷ್ಟು ದಿನ ಹೀಗೆ ಎಂದು ಅವಳು ಬಾಯಿ ಬಿಟ್ಟು ಕೇಳಲಿಲ್ಲ. ಆದರೆ ಅವಳು ಊಟ ಬಿಡುತ್ತಿರುವುದು ಅವನಿಗೆ ಕಾಣುತ್ತಿತ್ತು.

ಊರ ಹೊರಗೆ ಒಂದು ಆರೈಕೆ ಮನೆ ಇತ್ತು. ಅರಿವು ಪೂರ್ತಿ ಹೋದವರಿಗೆ ಅಲ್ಲಿ ಬೇರೆ ವಾರ್ಡು. ಹಾಗೆಂದು ಡಾಕ್ಟರು ಬರೆದುಕೊಡಬೇಕು, ಮನೆಯವರು ಒಪ್ಪಬೇಕು, ಅಷ್ಟೇ. ಆ ವಾರ್ಡಿಗೆ ಹೋದವರನ್ನು ಯಾರೂ ಏನೂ ಕೇಳುವುದಿಲ್ಲ. ಹೊತ್ತಿಗೆ ಸರಿಯಾಗಿ ಮೈ ತೊಳೆಸುತ್ತಾರೆ, ಉಣ್ಣಿಸುತ್ತಾರೆ, ಮಗ್ಗುಲು ಬದಲಿಸುತ್ತಾರೆ.

ಡಾಕ್ಟರು ಮನೆಗೆ ಬಂದದ್ದು ಒಂದು ದಿನ ಬೆಳಿಗ್ಗೆ. ಹೆಂಡತಿ ಹಾಸಿಗೆ ಸರಿ ಮಾಡುತ್ತ "ನಿದ್ದೆ ಬಂತಾ ಅಕ್ಕ?" ಎಂದಿದ್ದಳು. ಗಡಿಬಿಡಿ ಅಕ್ಕನ ತಲೆ ಎತ್ತಿ "ದಿಂಬು ಎರಡು ಸಾಕಾ?" ಎಂದು ಕೇಳಿದ್ದ. ಡಾಕ್ಟರು ಕುರ್ಚಿ ಎಳೆದು ಕೂತು, ನಿಮ್ಮ ಕೆಲಸ ಏನಮ್ಮಾ ಎಂದು ಕೇಳಿದರು. ಪಾಪ, ಒಳ್ಳೆಯವರು, ಸ್ವಲ್ಪ ಕಾದರು. ಇವರು ಯಾರು ಗೊತ್ತಾ ಎಂದು ಗಡಿಬಿಡಿಯನ್ನು ತೋರಿಸಿದರು. ಮತ್ತೆ ಕಾದರು. ಆಮೇಲೆ ಅವನತ್ತ ತಿರುಗಿ, "ಅವರಿಗೆ ಒಳಗೆ ಏನಾದರೂ ತಿಳೀತಿದ್ದರೆ ನಮಗೆ ಗೊತ್ತಾಗೋದಾದರೂ ಹೇಗೆ? ನೀವೇ ಒಂದು ಮಾತು ಕೇಳಿಬಿಡಿ" ಎಂದರು.

ಗಡಿಬಿಡಿ ಬಗ್ಗಿದ. "ಅಕ್ಕ, ಇಲ್ಲೇ ಇರ್ತೀಯಾ, ಅಲ್ಲಿಗೆ ಹೋಗ್ತೀಯಾ?"

ಅಕ್ಕ ಸೂರು ನೋಡಿದಳು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಮೌನಂ ಸಮ್ಮತಿ ಲಕ್ಷಣಂ" ಎಂದು ಗೊಣಗಿ ಅವನು ಸಹಿ ಹಾಕಿದ. ಸಂಜೆ ಗಾಡಿ ಬರುವುದೆಂದಾಯಿತು. ಅವನು ಆಫೀಸಿಗೆ ಹೊರಟ, ಏಕೆಂದರೆ ಮನೆಯಲ್ಲಿ ಕೂತು ಸಂಜೆಯನ್ನು ಕಾಯುವುದು ಅವನಿಂದ ಆಗದ ಕೆಲಸ.

ಆಫೀಸಿನಲ್ಲಿ ಅಂದು ಸೋದರತ್ತೆಯ ಕೊನೆಯ ದಿನ. ಹೊಸ ಯಂತ್ರದ ಡಬ್ಬ ಕಾರಿಡಾರಿನಲ್ಲಿ ಬಂದು ಕೂತಿತ್ತು. ಬೇರೆ ದಾರಿಯೆಲ್ಲ ಮುಗಿದ ಮೇಲೆ ಗಡಿಬಿಡಿ ಮೊದಲೇ ಮಾಡಬೇಕಾಗಿದ್ದ ಒಂದು ಕೆಲಸ ಮಾಡಿದ. ಪುಟ ಏನು ಹೇಳುತ್ತದೆ ಎಂಬುದನ್ನು ಬದಿಗಿಟ್ಟು, ತಂತಿಯ ಮೇಲೆ ಹೋಗುವುದು ಬರುವುದನ್ನೆಲ್ಲ ಇದ್ದ ಹಾಗೇ ಹಿಡಿದಿಟ್ಟ. ಇದಕ್ಕೆ ತಾಳ್ಮೆ ಬೇಕು, ಅದಕ್ಕೇ ಇಷ್ಟು ದಿನ ಮಾಡಿರಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ.

ಸೋದರತ್ತೆ ಕೆಂಪಾದಳು. ಅವನು ಹಿಡಿದಿಟ್ಟ ಸಾಲುಗಳನ್ನು ಒಂದೊಂದಾಗಿ ನೋಡಿದ. ಪುಟ ಕೇಳಿದೆ: ಹೇಗಿದ್ದೀ? ಐದು ಸೆಕೆಂಡು ಏನೂ ಇಲ್ಲ. ಪುಟ ಬಾಗಿಲು ಮುಚ್ಚಿ, ಉತ್ತರವಿಲ್ಲ ಎಂದು ಬರೆದು, ಮುಂದಿನವರ ಮನೆಗೆ ಹೋಗಿದೆ. ಅದರ ಕೆಳಗಿನ ಸಾಲು ನೋಡಿ ಅವನ ಕೈ ಮೌಸಿನ ಮೇಲೆ ನಿಂತುಬಿಟ್ಟಿತು. ಬಾಗಿಲು ಮುಚ್ಚಿದ ಮರುಕ್ಷಣವೇ ಉತ್ತರ ಬಂದಿದೆ. ಪೂರ್ತಿ ಉತ್ತರ, ಒಂದಕ್ಷರ ತಪ್ಪಿಲ್ಲ: ಬಿಸಿ ಇಷ್ಟು, ಜಾಗ ಇಷ್ಟು, ಚೆನ್ನಾಗಿದ್ದೇನೆ. ಅದಕ್ಕೆ ಪುಟದ ಕಡೆಯಿಂದ ಯಂತ್ರದ ಭಾಷೆಯಲ್ಲಿ ಹೋದ ಜವಾಬು ಇಷ್ಟೇ, ಇಲ್ಲಿ ನಿನ್ನನ್ನು ಕೇಳಿದವರು ಯಾರೂ ಇಲ್ಲ.

ಅವನು ಹಿಂದಿನ ಸಾಲುಗಳಿಗೆ ಹೋಗಿ ನೋಡಿದ. ಚಿಕ್ಕಮ್ಮ, ಷಡ್ಡಕ, ದೊಡ್ಡಪ್ಪ. ಕೆಂಪಾದ ಪ್ರತಿಯೊಬ್ಬರೂ ಉತ್ತರ ಕೊಟ್ಟಿದ್ದರು. ಎಲ್ಲರೂ ಮುಚ್ಚಿದ ಬಾಗಿಲಿಗೆ ಬಂದು ಬಡಿದು, ಯಾರೂ ಇಲ್ಲ ಎನ್ನಿಸಿಕೊಂಡು ಮರಳಿದ್ದರು.

"ಏನಾಯ್ತೋ, ಹೆಣ ನೋಡಿದವನ ಹಾಗೆ ಕೂತಿದೀಯ?" ಎಂದ ಮಾಮ.

"ಮಾಮ, ಇವರೆಲ್ಲ ಮಾತಾಡ್ತಾನೇ ಇದಾರೆ. ನಾವು ಕಾದಿಲ್ಲ ಅಷ್ಟೇ."

"ಯಾಕೆ ತಡ ಮಾಡ್ತಾರಂತೆ?"

ಅದೂ ಸಿಕ್ಕಿತು. ಪ್ರತಿ ಯಂತ್ರವೂ ಉತ್ತರ ಕೊಡುವ ಮೊದಲು, ಕೇಳುತ್ತಿರುವವರು ಯಾರು ಎಂದು ಒಂದು ಹಳೆಯ ಯಂತ್ರದ ಬಳಿ ವಿಚಾರಿಸುತ್ತದೆ. ಎಲ್ಲರ ಹೆಸರು ವಿಳಾಸ ಬಲ್ಲ ಆ ಹಿರಿಯನನ್ನು ಹೋದ ತಿಂಗಳು ಗಡಿಬಿಡಿಯೇ ಕಿತ್ತು ಗುಜರಿಗೆ ಹಾಕಿದ್ದ, ಹೊಸದನ್ನು ಕೂರಿಸಿದ್ದ. ಆದರೆ ಹಳೆಯವನು ಸತ್ತ ಸುದ್ದಿಯನ್ನು ಉಳಿದ ಯಂತ್ರಗಳಿಗೆ ಹೇಳಿರಲಿಲ್ಲ. ಕೇಳಿದವರ ಹೆಸರು ನೆನಪಿರುವಷ್ಟು ಹೊತ್ತು ಯಂತ್ರಗಳು ತಟ್ಟನೆ ಉತ್ತರಿಸುತ್ತವೆ. ಮರೆತಾಗ ಹಳೆಯವನನ್ನೇ ಮೊದಲು ಕೇಳುತ್ತವೆ, ಅವನ ಖಾಲಿ ಜಾಗದ ಮುಂದೆ ನಿಂತು ಕಾಯುತ್ತವೆ, ಆಮೇಲೆ ಹೊಸಬನ ಹತ್ತಿರ ಹೋಗುತ್ತವೆ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಮರೆಯುವುದರಿಂದ ಕೆಂಪು ದೀಪಕ್ಕೆ ಹೊತ್ತುಗೊತ್ತು ಇರಲಿಲ್ಲ.

"ಅಯ್ಯೋ ಪಾಪ" ಎಂದ ಮಾಮ. "ಕೇಳ್ತಿರೋದು ಯಾರು ಅಂತ ಹುಡುಕಿಕೊಂಡು ಬರುವಷ್ಟರಲ್ಲಿ ಕೇಳಿದವನೇ ಇರೋದಿಲ್ಲ."

ಗಡಿಬಿಡಿ ಎದ್ದು ನಿಂತ. ಇಲ್ಲ, ನೋವಿಲ್ಲ. ಬೇಡ, ಚಳಿ. ನೋವಿದೆಯಾ, ಫ್ಯಾನ್ ಹಾಕ್ಲಾ ಎಂದು ಶೂ ಹಾಕಿಕೊಳ್ಳುತ್ತ ಕೇಳಿದವನು ಅವನೇ. ಉತ್ತರ ಮಧ್ಯಾಹ್ನ ಬಂದಿತ್ತು, ಖಾಲಿ ಕೋಣೆಗೆ. ಅವನು ಹೆಂಡತಿಗೆ ಫೋನು ಮಾಡಿದ.

"ಅಕ್ಕ ಇವತ್ತು ಏನಾದ್ರೂ ಅಂದ್ಲಾ?"

"ಈಗ ತಾನೇ ಶುರು ಮಾಡಿದಾರೆ." ಅವಳ ದನಿ ಸಣ್ಣಗಿತ್ತು. "'ಬಂತು, ಬೆಳಗಿನ ಜಾವ' ಅಂದ್ರು. ರೀ, ಗಾಡಿ ಬೇಗ ಬಂದ್ರೆ ಸಾಕು ಅನ್ನಿಸ್ತಿದೆ."

"ನಿದ್ದೆ ಬಂತಾ ಅಂತ ಬೆಳಿಗ್ಗೆ ಕೇಳಿದ್ದು ನೀನೇ. ಅದು ನಿನಗೆ ಹೇಳಿದ ಉತ್ತರ ಕಣೇ. ಒಳಗೆ ಹೋಗಿ ಪಕ್ಕದಲ್ಲಿ ಕೂತ್ಕೋ. ಏನೂ ಕೇಳ್ಬೇಡ. ನಾನು ಬಂದೆ."

ಸೋದರತ್ತೆಯ ತಂತಿಗೆ ಯಾರೂ ಕೈ ಹಚ್ಚಕೂಡದು ಎಂದು ಮಾಮನಿಗೆ ಹೇಳಿ ಅವನು ಓಡಿದ. ದಾರಿಯುದ್ದಕ್ಕೂ ಆಗಿಹೋದ ಮಧ್ಯಾಹ್ನಗಳು ಅವನನ್ನು ಬೆನ್ನಟ್ಟಿದವು. ಎಷ್ಟು ಕೇಳಿದ್ದ, ಎಷ್ಟು ಸಲ ಬೆನ್ನು ತಿರುಗಿಸಿದ್ದ! ಅಕ್ಕ ಒಂದೂ ಉತ್ತರ ಬಿಡದೆ ಹುಡುಕಿ ತಂದು ಬಾಗಿಲಿಗೆ ಬಡಿದಿದ್ದಳು. ಅವನಿಗೆ ತನ್ನ ಮೇಲೇ ಅಸಹ್ಯ ಬಂತು.

ಫ್ಲ್ಯಾಟಿನ ಕೆಳಗೆ ಬಿಳಿ ಗಾಡಿ ಆಗಲೇ ಬಂದು ನಿಂತಿತ್ತು. ಆರೈಕೆ ಮನೆಯ ಇಬ್ಬರು ಸ್ಟ್ರೆಚರಿನೊಂದಿಗೆ ಹಿಂದಿನ ಕೋಣೆಯ ಬಾಗಿಲಲ್ಲಿದ್ದರು. ಹಾಸಿಗೆಯ ಅಂಚಿನಲ್ಲಿ ಹೆಂಡತಿ ಕೂತಿದ್ದಳು. ಅವಳ ಕೈ ಅಕ್ಕನ ಕೈ ಮೇಲಿತ್ತು.

"ಸ್ವಲ್ಪ ಕಾಯಿರಿ" ಎಂದ ಗಡಿಬಿಡಿ, ಆ ಇಬ್ಬರಿಗೆ.

"ಎಷ್ಟು ಹೊತ್ತು ಸಾರ್?"

"ಗೊತ್ತಿಲ್ಲ."

ಅವನ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು. ಡಾಕ್ಟರು ಕೂತಿದ್ದ ಕುರ್ಚಿಯಲ್ಲಿ ಅವನು ಕೂತ. ಕೋಣೆ ಎಷ್ಟು ಸದ್ದಿಲ್ಲದೆ ಇತ್ತೆಂದರೆ ನೆರೆಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು. ಕಿಟಕಿಯ ಬೆಳಕು ಹಾಸಿಗೆಯಿಂದ ನೆಲಕ್ಕೆ ಇಳಿಯಿತು. ಬಾಗಿಲಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸ್ಟ್ರೆಚರನ್ನು ಗೋಡೆಗೆ ಒರಗಿಸಿದರು.

"ಎರಡು ಸಾಕು" ಎಂದಳು ಅಕ್ಕ, ಸೂರು ನೋಡುತ್ತ. ದನಿ ತೇವವಿಲ್ಲದೆ ಒಣಗಿತ್ತು.

ಹೆಂಡತಿ ಗಂಡನ ಮುಖ ನೋಡಿದಳು. ಅವನು ದಿಂಬಿನ ಕಡೆ ಬೆರಳು ತೋರಿಸಿದ. ಅವಳ ಕಣ್ಣು ತುಂಬಿತು.

ಮತ್ತೆ ಬಹಳ ಹೊತ್ತು. "ಹೊಲಿಗೆ. ಬೀದಿಯವರೆಲ್ಲ ಹೊಲಿಗೆ ಅಕ್ಕ ಅಂತಾರೆ." ಅದು ಡಾಕ್ಟರಿಗೆ. ಇನ್ನೂ ಹೊತ್ತು ಹೋಯಿತು. "ಗೊತ್ತಿಲ್ದೇ ಏನು? ನಮ್ಮ ಗಡಿಬಿಡಿ." ಹೇಳುವಾಗ ಬಾಯಿಯ ಒಂದು ಕೊನೆ ಮಾತ್ರ ಮೇಲೆದ್ದಿತು. ಅವನು ಮುಷ್ಟಿಯನ್ನು ಹಲ್ಲಿಗೆ ಒತ್ತಿಕೊಂಡು ಸದ್ದು ಬರದಂತೆ ಅತ್ತ. ಇನ್ನು ಉಳಿದದ್ದು ಒಂದೇ ಪ್ರಶ್ನೆ, ಅವನದು. ಸರದಿ ತಪ್ಪದೆ ಅದರ ಉತ್ತರವೂ ಬರುತ್ತದೆ.

ಬಂದದ್ದು ಅದಲ್ಲ. ಅಕ್ಕನ ತಲೆ ದಿಂಬಿನ ಮೇಲೆ ಮೆಲ್ಲಗೆ ಹೊರಳಿತು, ಬೀರುವಿನ ಕಡೆಗೆ.

"ಇನ್ನೂ ಇಲ್ಲ, ತಡಿ" ಎಂದಳು. ಈ ಮಾತಿಗೆ ಹೊತ್ತೇ ಹಿಡಿಯಲಿಲ್ಲ, ಪಕ್ಕದಲ್ಲಿ ನಿಂತವರಿಗೆ ಹೇಳಿದ ಹಾಗೆ ಸಲೀಸಾಗಿ ಬಂತು. "ಇವನು ಕೇಳಿದ್ದು ಒಂದು ಉಳಿದಿದೆ. ಕೇಳಿದ್ದಕ್ಕೆ ಉತ್ತರ ಹೇಳ್ದೆ ಹೇಗೆ ಬರ್ಲಿ ಅಮ್ಮ?"

ಆ ಮನೆಯಲ್ಲಿ ಅಮ್ಮ ಎಂದು ಕರೆಸಿಕೊಳ್ಳುವವರು ಯಾರೂ ಇರಲಿಲ್ಲ. ಬಾಗಿಲಲ್ಲಿದ್ದವರಲ್ಲಿ ಒಬ್ಬ ಒಂದು ಹೆಜ್ಜೆ ಹಿಂದೆ ಸರಿದ. ಗಡಿಬಿಡಿ ಬೀರುವಿನ ಕಡೆ ನೋಡಲಿಲ್ಲ. ನೋಡಬಾರದು ಎಂದು ಅವನ ಮೈಯೇ ಹೇಳಿತು. ದಿನವೂ ಯಾರು ಬಂದು ಕರೆಯುತ್ತಿದ್ದರು, ಇವಳು ಯಾವ ನೆಪ ಹೇಳಿ ಉಳಿದಿದ್ದಳು ಎಂಬುದು ಅವನಿಗೆ ಅರ್ಥವಾಗಿತ್ತು. ಶೂ ಹಾಕಿಕೊಳ್ಳುತ್ತ ಅವನು ಬಿಸಾಕಿ ಹೋದ ಪ್ರಶ್ನೆಗಳೇ ಅವಳನ್ನು ಇಲ್ಲಿ ಹಿಡಿದಿಟ್ಟಿದ್ದವು. ಆ ವಾರ್ಡಿನಲ್ಲಾದರೆ ಯಾರೂ ಏನೂ ಕೇಳುತ್ತಿರಲಿಲ್ಲ.

ಬೆಳಕು ನೆಲದಿಂದ ಗೋಡೆಗೆ ಹತ್ತಿತು. ಜೀವಮಾನದಲ್ಲಿ ಮೊದಲ ಸಲ ಅವನು ಒಂದು ಉತ್ತರ ತಡವಾಗಲಿ ಎಂದು ಹಂಬಲಿಸಿದ. ಅದು ಬಂದೇ ಬಂತು.

"ಎಲ್ಲಿಗೂ ಬೇಡ" ಎಂದಳು ಅಕ್ಕ. "ಇಲ್ಲೇ ಇರ್ತೀನಿ."

ಹೆಂಡತಿ ಎದ್ದು, ಕಣ್ಣೊರೆಸಿಕೊಂಡು, ಬಾಗಿಲಲ್ಲಿದ್ದವರಿಗೆ "ನೀವು ಹೊರಡಿ" ಎಂದಳು. ಅವರಿಗೂ ಅದೇ ಬೇಕಿತ್ತು. ಸ್ಟ್ರೆಚರು ಮೆಟ್ಟಿಲಿಗೆ ಬಡಿಯುತ್ತ ಇಳಿದುಹೋಯಿತು.

ಅಕ್ಕ ಉಸಿರು ಬಿಟ್ಟಳು, ದಿನದ ಹೊಲಿಗೆ ಮುಗಿಸಿ ಯಂತ್ರಕ್ಕೆ ಬಟ್ಟೆ ಮುಚ್ಚುವಾಗ ಬಿಡುತ್ತಿದ್ದ ಉಸಿರು ಅದು. ಕೇಳಿದ್ದಕ್ಕೆಲ್ಲ ಉತ್ತರ ಮುಗಿದಿತ್ತು. ತಲೆ ಮತ್ತೆ ಬೀರುವಿನ ಕಡೆ ಹೊರಳತೊಡಗಿತು, ತುಟಿ ತೆರೆಯಿತು.

"ಅಕ್ಕ" ಎಂದ ಗಡಿಬಿಡಿ. "ನಾನು ಮೊದಲ ದಿನ ಸ್ಕೂಲಿಗೆ ಹೋದಾಗ ಒಂದು ಅಂಗಿ ಹೊಲಿದು ಕೊಟ್ಟಿದ್ಯಲ್ಲ, ಅದರ ಬಣ್ಣ ಯಾವ್ದು?"

ಅದು ನೀಲಿ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ತಲೆ ಅರ್ಧದಲ್ಲೇ ನಿಂತಿತು. ಕಣ್ಣು ನಿಧಾನವಾಗಿ ಹಿಂದಿರುಗಿ ಸೂರಿಗೆ ಹತ್ತಿತು, ಅಲ್ಲಿ ಏನನ್ನೋ ಹುಡುಕತೊಡಗಿತು.

ಬೀರುವಿನ ಪಕ್ಕದಿಂದ ಬಟ್ಟೆ ಸರಿದಂಥ ಸದ್ದು ಬಂತೋ, ಅವನಿಗೆ ಹಾಗೆ ಅನ್ನಿಸಿತೋ. ಹೆಂಡತಿಗೂ ಕೇಳಿರಬೇಕು. ಅವಳು ಬಂದು ಹಾಸಿಗೆಯ ಇನ್ನೊಂದು ಬದಿಗೆ, ಬೀರುವಿಗೆ ಬೆನ್ನು ಕೊಟ್ಟು ಕೂತಳು.

"ಅಕ್ಕ, ನನಗೂ ಒಂದು ಹೇಳಿ" ಎಂದಳು. "ಗುಂಡಿಗೆ ಕಾಜ ಹೊಲಿಯೋದು ನನಗೆ ಯಾವತ್ತೂ ನೆಟ್ಟಗೆ ಬರ್ಲಿಲ್ಲ. ಅದನ್ನ ಹೇಗೆ ಹೊಲೀಬೇಕು? ಮೊದಲಿಂದ ಹೇಳಿ, ಒಂದೂ ಬಿಡ್ದೆ."

ಗಡಿಬಿಡಿ ಶೂ ಬಿಚ್ಚಿ ಮಂಚದ ಕೆಳಗೆ ತಳ್ಳಿದ.

"ನಿಧಾನವಾಗಿ ಹೇಳಕ್ಕ" ಎಂದ. "ನಮಗೇನೂ ಅವಸರ ಇಲ್ಲ."